ಹಾಲಿನ ಬ್ಯಾಕ್ಟೀರಿಯಾ ಎಣಿಕೆ ದಿಢೀರನೆ ಏರಿದರೆ ಎಲ್ಲಿಂದ ಹುಡುಕಬೇಕು

ಯಲಹಂಕದ ಅಪಾರ್ಟ್‌ಮೆಂಟೊಂದರಿಂದ ಬೆಳಗ್ಗೆ ಏಳಕ್ಕೆ ಮೊದಲ ಫೋನು. "ನಿನ್ನೆ ಬೆಳಗ್ಗೆ ತಗೊಂಡ ಹಾಲು ಫ್ರಿಜ್‌ನಲ್ಲೇ ಇತ್ತು, ಸಂಜೆ ಕಾಯಿಸಿದರೆ ಒಡೆದುಹೋಯ್ತು." ಎಂಟು ಗಂಟೆಯೊಳಗೆ ಇಂಥವೇ ಇನ್ನೂ ನಾಲ್ಕು. ಮೊದಲು ಅದೇ ಹಾಲು ಎರಡು ದಿನ ಆರಾಮಾಗಿ ಇರುತ್ತಿತ್ತು. ಅವತ್ತೇ ನಮ್ಮ ಲ್ಯಾಬಿನ ವಾಟರ್ ಬಾತ್‌ನಲ್ಲಿಟ್ಟ ಹಸಿ ಹಾಲಿಗೆ ಪರೀಕ್ಷೆಗೆಂದು ಬೆರೆಸಿದ ನೀಲಿ ಬಣ್ಣ (ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ಬೇಗ ಹೋಗುವಂಥದ್ದು) ಒಂದೂವರೆ ಗಂಟೆಗೇ ಹೋಗಿಬಿಟ್ಟಿತು. ಹಿಂದಿನ ವಾರ ಐದು ಗಂಟೆ ದಾಟಿದರೂ ನೀಲಿ ನಿಂತಿರುತ್ತಿತ್ತು.

ದೊಡ್ಡಬಳ್ಳಾಪುರದ ಕಡೆ ನಮ್ಮದು ಚಿಕ್ಕ ಘಟಕ. 38 ಹಸುಗಳ ಕೊಟ್ಟಿಗೆ, ಸುತ್ತಲ ಹಳ್ಳಿಯವರು ತಂದು ಹಾಕುವ ಹಾಲು, ಒಂದು ಬಿಎಂಸಿ (ಹಾಲು ತಂಪಾಗಿಸಿಡುವ ಟ್ಯಾಂಕು), ಹಸಿ ಹಾಲು ತುಂಬಿಡಲು ಸೈಲೋ ಎಂಬ ಇನ್ನೊಂದು ಟ್ಯಾಂಕು, ಸಣ್ಣ ಪಾಶ್ಚರೈಸರ್, ಪ್ಯಾಕಿಂಗ್ ಮಿಷನ್ ಇಷ್ಟೇ. ಹೆಬ್ಬಾಳದ ಹೈನು ವಿಜ್ಞಾನ ಮಹಾವಿದ್ಯಾಲಯದಲ್ಲಿ ಓದಿ ಬಂದ ನಾನು ಅಲ್ಲಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಅವತ್ತು ನಾವು ಮಾಡಿದ ಮೊದಲ ಕೆಲಸ ಇಷ್ಟು: ಅನುಮಾನ ಬಂದ ಮೂವರ ಕ್ಯಾನುಗಳನ್ನು ವಾಪಸು ಕಳಿಸಿದೆವು. ನಾಲ್ಕು ದಿನ ಅವರ ಹಾಲು ತಗೊಳ್ಳಲಿಲ್ಲ. ಎಣಿಕೆ ಒಂದಿಷ್ಟೂ ಇಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಸರಿಯಾಗಿ ಅದೇ. ಹೈನುಗಾರಿಕೆಯಲ್ಲಿ ಈ ತಪ್ಪು ತುಂಬಾ ಸಾಮಾನ್ಯ, ಅದರ ಬೆಲೆ ತೆರುವವರು ಹಾಲು ಹಾಕುವವರು. ಆಮೇಲೆ ನಾವು ಹುಡುಕಿದ ಕ್ರಮವನ್ನು, ಹಾಗೆಯೇ ಈಗ ಪ್ರತಿಸಲ ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮಾದರಿಯನ್ನೇ ಅನುಮಾನಿಸಿ

ಎಣಿಕೆ ಏರಿದೆ ಅಂತ ರಿಪೋರ್ಟು ಬಂದಾಗ ಎಲ್ಲರ ಕಣ್ಣೂ ಹಸುವಿನ ಕಡೆ ಹೋಗುತ್ತದೆ. ಹೋಗಬೇಕಾದದ್ದು ಮಾದರಿ ತೆಗೆದ ಕೈಯ ಕಡೆ. ಒಂದು ಹನಿ ಕೊಳಕು ನೀರು ಮಾದರಿ ತೆಗೆಯುವ ಡಿಪ್ಪರ್‌ಗೆ ಅಂಟಿದ್ದರೂ ಸಾಕು, ಸಾವಿರ ಲೀಟರ್ ಒಳ್ಳೆಯ ಹಾಲು ಕಾಗದದ ಮೇಲೆ ಕೆಟ್ಟ ಹಾಲಾಗುತ್ತದೆ.

ನಾನು ಕಂಡ ತಪ್ಪುಗಳಲ್ಲಿ ಮೊದಲನೆಯದು ಬಿಎಂಸಿಯ ಕೆಳಗಿನ ವಾಲ್ವಿನಿಂದ ಬಾಟಲಿ ತುಂಬಿಸುವುದು. ಆ ವಾಲ್ವಿನ ಬಾಯಲ್ಲಿ ಹಿಂದಿನ ದಿನದ ಹಾಲು ನಿಂತಿರುತ್ತದೆ, ಗ್ಯಾಸ್ಕೆಟ್ಟಿನ ಹಿಂದೆ ಇನ್ನೂ ಹಳೆಯದು. ಅಲ್ಲಿಂದ ಹಿಡಿದ ಹಾಲು ವಾಲ್ವಿನ ಕಥೆ ಹೇಳುತ್ತದೆ, ಟ್ಯಾಂಕಿನದಲ್ಲ. ಮಾದರಿಯನ್ನು ಮೇಲಿನ ಮುಚ್ಚಳದಿಂದ, ಕ್ರಿಮಿರಹಿತ ಮಾಡಿದ ಸ್ಟೀಲ್ ಡಿಪ್ಪರ್‌ನಿಂದಲೇ ತೆಗೆಯಬೇಕು. ತೆಗೆಯುವ ಮೊದಲು ಹಾಲು ಕದಡುವ ಅಜಿಟೇಟರ್ ಕನಿಷ್ಠ ಐದು ನಿಮಿಷ ತಿರುಗಲಿ, ದೊಡ್ಡ ಟ್ಯಾಂಕಾದರೆ ಹತ್ತು. ಸುಮ್ಮನೆ ನಿಂತ ಹಾಲಿನಲ್ಲಿ ಕೆನೆ ಮೇಲೇಳುತ್ತದೆ, ಅದರ ಜೊತೆ ಬ್ಯಾಕ್ಟೀರಿಯಾಗಳೂ ಮೇಲೇಳುತ್ತವೆ.

ಕ್ಯಾನಿನಿಂದ ತೆಗೆಯುವಾಗಲೂ ಇದೇ ನಿಯಮ. ಪ್ಲಂಜರಿನಿಂದ ಮೇಲೆ ಕೆಳಗೆ ಚೆನ್ನಾಗಿ ಕದಡಬೇಕು. ಆದರೆ ಒಂದು ಕ್ಯಾನಿನ ಪ್ಲಂಜರನ್ನು ಹಾಗೆಯೇ ಮುಂದಿನ ಕ್ಯಾನಿಗೆ ಅದ್ದಿದರೆ ಮೊದಲನೆಯವರ ಕೊಳೆ ಎರಡನೆಯವರ ಲೆಕ್ಕಕ್ಕೆ ಹೋಗುತ್ತದೆ. ನಮ್ಮಲ್ಲಿ ಪ್ಲಂಜರನ್ನು ಒಂದೇ ಬಕೆಟ್ ನೀರಲ್ಲಿ ಅದ್ದಿ ತೆಗೆಯುತ್ತಿದ್ದೆವು. ಇಪ್ಪತ್ತು ಕ್ಯಾನು ಮುಗಿಯುವ ಹೊತ್ತಿಗೆ ಆ ಬಕೆಟ್ಟೇ ಬ್ಯಾಕ್ಟೀರಿಯಾ ಬೆಳೆಸಿದ ಒಂದು ಕಲ್ಚರ್ ಆಗಿರುತ್ತಿತ್ತು. ಇದನ್ನು ನೋಡಿಯೂ ನೋಡದಂತೆ ಇದ್ದದ್ದು ನನ್ನ ತಪ್ಪು.

ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಬೇಡಿ, ಕಾಲು ಭಾಗ ಖಾಲಿ ಇರಲಿ, ಆಮೇಲೆ ಲ್ಯಾಬಿನಲ್ಲಿ ಕುಲುಕಬೇಕು. ತಕ್ಷಣ ಐಸ್ ಮತ್ತು ನೀರಿನ ಮಿಶ್ರಣಕ್ಕೆ ಇಳಿಸಿ. ಬರೀ ಐಸ್ ತುಂಡುಗಳ ಮೇಲಿಟ್ಟರೆ ಬಾಟಲಿಯ ಒಂದು ಬದಿ ಮಾತ್ರ ತಣ್ಣಗಾಗುತ್ತದೆ. ನೀರು ಮುಚ್ಚಳದ ಮಟ್ಟ ಮುಟ್ಟದಂತೆ ನೋಡಿಕೊಳ್ಳಿ. ಹೊರಗಿನ ಲ್ಯಾಬಿಗೆ ಕಳಿಸುವುದಾದರೆ ಒಂದು ಬಾಟಲಿ ಹೆಚ್ಚಿಗೆ ಇಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ಕಳಿಸಿ. ಏಪ್ರಿಲ್ ಮಧ್ಯಾಹ್ನ ಬಳ್ಳಾರಿ ರಸ್ತೆಯಲ್ಲಿ ಎರಡು ಗಂಟೆ ಸಿಕ್ಕಿಕೊಂಡ ಪೆಟ್ಟಿಗೆಯೊಳಗೆ ಏನಾಯಿತು ಎಂದು ತಿಳಿಯಲು ಬೇರೆ ದಾರಿಯಿಲ್ಲ. ತಲುಪಿದಾಗ ಆ ಬಾಟಲಿ 4 ಡಿಗ್ರಿಗಿಂತ ಹೆಚ್ಚು ತೋರಿಸಿದರೆ ಇಡೀ ಸೆಟ್ಟನ್ನು ಎಣಿಕೆಯಿಂದ ಬಿಡಿ. ಮಾದರಿ ತೆಗೆದ 24 ಗಂಟೆಯೊಳಗೆ ಪ್ಲೇಟಿಗೆ (ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ತಟ್ಟೆಗೆ) ಹಾಕಬೇಕು. ಫ್ರೀಜರಿಗೆ ಹಾಕುವಂತಿಲ್ಲ. ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಲು, ಬ್ಯಾಕ್ಟೀರಿಯಾ ಕೊಲ್ಲುವ ಫಾರ್ಮಲಿನ್ ಹಾಕಿಟ್ಟ ಬಾಟಲಿಯನ್ನು ಯಾರೋ ಅವಸರದಲ್ಲಿ ಪ್ಲೇಟಿಗೆ ಹಾಕಿ "ಎಣಿಕೆ ಸೊನ್ನೆ" ಎಂದು ಸಂತೋಷಪಟ್ಟದ್ದನ್ನೂ ನೋಡಿದ್ದೇನೆ. ಸೂಕ್ಷ್ಮಾಣು ಪರೀಕ್ಷೆಯ ಬಾಟಲಿಗೆ ಬೇರೆ ಬಣ್ಣದ ಮುಚ್ಚಳ ಇಟ್ಟರೆ ಈ ಗೊಂದಲ ತಪ್ಪುತ್ತದೆ.

ಮಾದರಿ ತೆಗೆಯುವವರ ಮೇಲೆ ಅನುಮಾನ ಉಳಿದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಕ್ರಿಮಿರಹಿತ ನೀರನ್ನು ಅದೇ ಡಿಪ್ಪರಿನಿಂದ ಅದೇ ಬಾಟಲಿಗೆ ಅದೇ ಜಾಗದಲ್ಲಿ ತುಂಬಿಸಿ ಪ್ಲೇಟಿಗೆ ಹಾಕಿ. ಅದರಲ್ಲಿ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಎದ್ದರೆ ಹಾಲಿನ ಮಾತು ಆಮೇಲೆ.

ಲ್ಯಾಬಿನೊಳಗಿನ ಬೆಂಗಳೂರು

ಮಾದರಿ ಸರಿಯಿದ್ದರೂ ಲ್ಯಾಬು ತಪ್ಪಬಹುದು. ಪ್ರತಿ ಬ್ಯಾಚಿಗೂ ಏನೂ ಹಾಕದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಪ್ಲೇಟು ಒಂದು, ಹಾಲನ್ನು ತೆಳುಮಾಡುವ ಡೈಲ್ಯೂಯೆಂಟ್ ಮಾತ್ರ ಹಾಕಿದ್ದು ಒಂದು, ಕೆಲಸದ ಮೇಜಿನ ಮೇಲೆ 15 ನಿಮಿಷ ತೆರೆದಿಟ್ಟದ್ದು ಒಂದು ಇರಲೇಬೇಕು. ಅಗಾರ್ 45 ಡಿಗ್ರಿಯ ಆಸುಪಾಸಿನಲ್ಲಿ ಸುರಿಯಬೇಕು. ಬಿಸಿ ಹೆಚ್ಚಿದ್ದರೆ ಚಳಿಗೆ ಒಗ್ಗಿದ ಜೀವಿಗಳು ಸತ್ತು ಎಣಿಕೆ ಸುಳ್ಳೇ ಕಡಿಮೆ ತೋರುತ್ತದೆ.

ನಮ್ಮ ಊರಿಗೇ ಸೇರಿದ ಒಂದು ವಿಷಯ ಆಟೊಕ್ಲೇವ್, ಅಂದರೆ ಒತ್ತಡದ ಹಬೆಯಿಂದ ಸಾಮಾನು ಕ್ರಿಮಿರಹಿತ ಮಾಡುವ ಪಾತ್ರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ. 15 ಪೌಂಡ್ ಒತ್ತಡ ಎಂದರೆ 121 ಡಿಗ್ರಿ ಎಂಬ ಪಾಠ ಸಮುದ್ರಮಟ್ಟದ್ದು. ಇಲ್ಲಿ ಮೀಟರಿನ ಮುಳ್ಳು 15 ತೋರಿಸುವಾಗ ಒಳಗೆ ಸುಮಾರು ಒಂದೂವರೆ ಡಿಗ್ರಿ ಕಡಿಮೆ ಇರುತ್ತದೆ. ಮುಳ್ಳನ್ನು ನಂಬದೆ ಉಷ್ಣಾಂಶ ನೋಡಿ ಸಮಯ ಎಣಿಸಿ. ನಮ್ಮ ಕಡೆ ಮುಳ್ಳು ಹದಿನಾರೂವರೆ ಹತ್ತಿರ ಬಂದರೆ 121 ಸಿಗುತ್ತದೆ. ತಿಂಗಳಿಗೊಮ್ಮೆ ಸ್ಪೋರ್ ಸ್ಟ್ರಿಪ್ (ಬಿಸಿ ತಡೆಯುವ ಬೀಜಾಣುಗಳ ಪಟ್ಟಿ) ಇಟ್ಟು ಖಾತ್ರಿ ಮಾಡಿಕೊಳ್ಳಿ. ಥರ್ಮಾಮೀಟರ್ ಪರೀಕ್ಷಿಸುವಾಗಲೂ ಇದೇ ಎತ್ತರ ಅಡ್ಡ ಬರುತ್ತದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಕುದಿಯುವ ನೀರಲ್ಲಿ 100 ತೋರಿಸಲಿಲ್ಲ ಅಂತ ಒಳ್ಳೆಯ ಥರ್ಮಾಮೀಟರನ್ನು ಎಸೆಯಬೇಡಿ. ಪುಡಿ ಐಸು, ಸ್ವಲ್ಪ ನೀರು ಸೇರಿಸಿ ಗಂಜಿಯಂತೆ ಮಾಡಿ ಅದರಲ್ಲಿಡಿ, ಅದು ಎಲ್ಲ ಊರಿನಲ್ಲೂ ಸೊನ್ನೆಯೇ.

ನೀಲಿ ಬಣ್ಣ ಹೇಳುವುದು ಎಷ್ಟು, ಹೇಳದ್ದು ಎಷ್ಟು

ಎಂಬಿಆರ್‌ಟಿ ಎಂದರೆ ಮೆಥಿಲೀನ್ ಬ್ಲೂ ಪರೀಕ್ಷೆ. 10 ಮಿಲಿ ಹಾಲಿಗೆ 1 ಮಿಲಿ ಬಣ್ಣ, 37 ಡಿಗ್ರಿ ನೀರು, ಬಿಸಿಲು ಬೀಳದ ಜಾಗ. ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿಕೊಂಡಂತೆ ಬಣ್ಣ ಹೋಗುತ್ತದೆ. ಭಾರತೀಯ ಮಾನಕದ ಪ್ರಕಾರ ಹಸಿ ಹಾಲು 5 ಗಂಟೆ ಮೀರಿ ನಿಂತರೆ ಬಹಳ ಒಳ್ಳೆಯದು, 3ರಿಂದ 4 ಒಳ್ಳೆಯದು, 1ರಿಂದ 2 ಪರವಾಗಿಲ್ಲ, ಅರ್ಧ ಗಂಟೆಗೇ ಹೋದರೆ ಕಳಪೆ. ಪ್ಲೇಟ್ ಎಣಿಕೆಯಲ್ಲಿ ಇದೇ ಮೆಟ್ಟಿಲುಗಳು ಮಿಲಿಗೆ 2 ಲಕ್ಷದವರೆಗೆ, 10 ಲಕ್ಷದವರೆಗೆ, 50 ಲಕ್ಷದವರೆಗೆ ಮತ್ತು ಅದಕ್ಕೂ ಮೇಲೆ. ಯುರೋಪಿನಲ್ಲಿ ಹಸುವಿನ ಹಸಿ ಹಾಲಿಗೆ ಮಿತಿ 1 ಲಕ್ಷ.

ಪ್ಲೇಟಿಗೆ 30 ಡಿಗ್ರಿಯಲ್ಲಿ 72 ಗಂಟೆ ಬೇಕು. ಅಷ್ಟರಲ್ಲಿ ಆ ಹಾಲು ಕಾಫಿಯಾಗಿ ಮುಗಿದಿರುತ್ತದೆ. ಅದಕ್ಕೇ ನೀಲಿ ಬಣ್ಣದ ಪರೀಕ್ಷೆ ಇನ್ನೂ ಉಳಿದುಕೊಂಡಿದೆ, ಹಳ್ಳಿಯ ಡೈರಿಗಂತೂ ಅದೇ ಸೂಕ್ತ. ಆದರೆ ಅದರ ಕುರುಡುಗಳು ಗೊತ್ತಿರಬೇಕು. ಚೆನ್ನಾಗಿ ತಂಪಾಗಿಸಿಟ್ಟ ಹಾಲಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಜಾತಿಯವು 37 ಡಿಗ್ರಿಯಲ್ಲಿ ಮಂಕಾಗುತ್ತವೆ, ಬಣ್ಣವನ್ನು ಬೇಗ ತೆಗೆಯುವುದಿಲ್ಲ. ಬಿಎಂಸಿ ಹಾಲಿಗೆ ಎಂಬಿಆರ್‌ಟಿ ಒಳ್ಳೆಯದು ಎಂದ ಮಾತ್ರಕ್ಕೆ ಸಮಾಧಾನಪಡಬೇಡಿ. ಹಾಗೆಯೇ ಯಾವಾಗಲೂ ಮೂರು ಗಂಟೆ ನಿಲ್ಲುತ್ತಿದ್ದ ಕ್ಯಾನು ಒಂದು ದಿನ ಎಂಟು ಗಂಟೆ ನಿಂತರೆ ಸಂತೋಷಕ್ಕೆ ಮೊದಲು ಪ್ರತಿಜೀವಕದ ಅಂಶ, ಹೈಡ್ರೋಜನ್ ಪೆರಾಕ್ಸೈಡ್ ಇದೆಯೇ ನೋಡಿ. ಕೆಚ್ಚಲು ಬಾವಿಗೆ ಸೂಜಿ ಕೊಟ್ಟ ಹಸುವಿನ ಹಾಲು, ಅದನ್ನು ಬಳಸಬಾರದ ದಿನಗಳು ಮುಗಿಯುವ ಮೊದಲೇ ಕ್ಯಾನಿಗೆ ಬಿದ್ದಿರಬಹುದು.

ಒಂದು ಎಣಿಕೆ ಸಾಲದು, ನಾಲ್ಕು ಬೇಕು

ಒಟ್ಟು ಎಣಿಕೆ ಜ್ವರ ಅಳೆದಂತೆ. ಜ್ವರ ಇದೆ ಎನ್ನುತ್ತದೆ, ಯಾವ ಕಾಯಿಲೆ ಎಂದು ಹೇಳುವುದಿಲ್ಲ. ಅದೇ ಮಾದರಿಯಿಂದ ಇನ್ನೂ ಮೂರು ಪರೀಕ್ಷೆ ಮಾಡಿದರೆ ದೋಷ ಇರುವ ಜಾಗ ತಾನಾಗಿ ಕಾಣತೊಡಗುತ್ತದೆ.

ಒಂದು ಭಾಗವನ್ನು ಲ್ಯಾಬಿನಲ್ಲೇ 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಆಮೇಲೆ ಪ್ಲೇಟಿಗೆ ಹಾಕಿ. ಇದಕ್ಕೆ ಎಲ್‌ಪಿಸಿ, ಅಂದರೆ ಲ್ಯಾಬಿನಲ್ಲಿ ಪಾಶ್ಚರೈಸ್ ಮಾಡಿದ ಹಾಲಿನ ಎಣಿಕೆ ಅನ್ನುತ್ತಾರೆ. ಬಿಸಿಗೂ ಸಾಯದೆ ಉಳಿದವು ಮಾತ್ರ ಇಲ್ಲಿ ಕಾಲೊನಿ ಕಟ್ಟುತ್ತವೆ. ಮಿಲಿಗೆ ಇನ್ನೂರು ಮುನ್ನೂರು ದಾಟಿತೆಂದರೆ ಎಲ್ಲೋ ಹಳೆಯ ಕೊಳೆ ಗಟ್ಟಿಯಾಗಿ ಕೂತಿದೆ ಎಂದರ್ಥ: ಬಿರುಕು ಬಿಟ್ಟ ರಬ್ಬರು, ಹಾಲುಗಲ್ಲು ಕಟ್ಟಿದ ಪೈಪು, ಗ್ಯಾಸ್ಕೆಟ್ಟು. ಹಸುವಿನ ಕೆಚ್ಚಲ ಬಾವಿನ ಜೀವಿಗಳು ಈ ಬಿಸಿಗೆ ಉಳಿಯುವುದಿಲ್ಲ. ಆದ್ದರಿಂದ ಎಲ್‌ಪಿಸಿ ಏರಿದ್ದರೆ ಹಸುವನ್ನು ಬಿಟ್ಟು ಸಲಕರಣೆಯತ್ತ ನಡೆಯಿರಿ.

ಇನ್ನೊಂದು ಭಾಗವನ್ನು 13 ಡಿಗ್ರಿಯಲ್ಲಿ 18 ಗಂಟೆ ಇಟ್ಟು ಪ್ಲೇಟಿಗೆ ಹಾಕಿದರೆ ಚಳಿಯಲ್ಲಿ ಬೆಳೆಯುವವು ಮೈದೋರುತ್ತವೆ. ಮೊದಲಿನ ಎಣಿಕೆಗಿಂತ ಮೂರು ನಾಲ್ಕು ಪಟ್ಟು ಹೆಚ್ಚಾದರೆ ತೊಳೆಯುವುದರಲ್ಲಿ ಅಥವಾ ತಂಪಿನಲ್ಲಿ ಲೋಪವಿದೆ, ತೊಳೆಯುವ ನೀರೇ ಕೆಟ್ಟಿರಲೂಬಹುದು. ಮೂರನೆಯದು ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಗುಂಪು, ನೇರಳೆ ಕೆಂಪು ಅಗಾರಿನ ಮೇಲೆ 24 ಗಂಟೆಗೆ ಗೊತ್ತಾಗುತ್ತದೆ. ಮಿಲಿಗೆ ನೂರು ದಾಟಿದರೆ ಕಾರಣ ಸಗಣಿ, ಒದ್ದೆ ಕೆಚ್ಚಲು, ಇಲ್ಲವೇ ನೆಲಕ್ಕೆ ಬಿದ್ದ, ಹಾಲು ಕರೆಯುವ ಮಿಷನ್ನಿನ ಕಪ್. ಸಾವಿರ ದಾಟಿದರೆ ಅವು ಸಲಕರಣೆಯೊಳಗೇ ಸಂಸಾರ ಹೂಡಿವೆ.

ಈ ಅಂಕಿಗಳು ತಂಪಾಗಿ ಇಟ್ಟ ಫಾರ್ಮ್ ಹಾಲಿನ ಅನುಭವದಿಂದ ಬಂದವು. ಹತ್ತು ಮನೆಯ ಕ್ಯಾನು ಸೇರುವ ನಮ್ಮ ಹಾಲಿಗೆ ಅಕ್ಷರಶಃ ಹೊಂದುವುದಿಲ್ಲ. ನಿಮ್ಮ ಘಟಕದ ಒಳ್ಳೆಯ ದಿನಗಳಲ್ಲೇ ಈ ನಾಲ್ಕನ್ನೂ ಎಣಿಸಿ ಬರೆದಿಟ್ಟುಕೊಳ್ಳಿ. ಕೆಟ್ಟ ದಿನ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ನಮ್ಮ ಹಾಲಿನಲ್ಲಿ ಕಂಡದ್ದು ಹೀಗಿತ್ತು: ಸೈಲೋದಲ್ಲಿ ಒಟ್ಟು 14 ಲಕ್ಷ, ಎಲ್‌ಪಿಸಿ 4,000ದ ಹತ್ತಿರ, ಕೋಲಿಫಾರ್ಮ್ ಸಾವಿರಕ್ಕೂ ಮೇಲೆ. ವಾಪಸು ಕಳಿಸಿದ ಮೂವರ ಕ್ಯಾನುಗಳ ಎಲ್‌ಪಿಸಿಯನ್ನು ಅವತ್ತೇ ನೋಡಿದ್ದರೆ ಅವರ ಮೇಲೆ ಬೆರಳು ತೋರಿಸುತ್ತಿರಲಿಲ್ಲ.

ಹಾಲಿನ ಜೊತೆ ನಡೆಯುವುದು

ಇದೇ ಇಡೀ ಹುಡುಕಾಟದ ತಿರುಳು. ಹಾಲು ಕೆಚ್ಚಲಿನಿಂದ ಪ್ಯಾಕೆಟ್ಟಿನವರೆಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸೇರುತ್ತದೋ ಅಲ್ಲೆಲ್ಲ, ಸೇರುವ ಮುಂಚೆ ಒಂದು, ಸೇರಿದ ಮೇಲೆ ಒಂದು ಮಾದರಿ. ಎಲ್ಲವೂ ಒಂದೇ ಬೆಳಗ್ಗೆ, ಒಬ್ಬರದೇ ಕೈಯಿಂದ. ಎಣಿಕೆ ಎಲ್ಲಿ ಜಿಗಿಯುತ್ತದೋ ಅದರ ಹಿಂದಿನ ಮತ್ತು ಮುಂದಿನ ಬಿಂದುಗಳ ನಡುವೆ ದೋಷ ಇದೆ. ನಡುವೆ ಇರುವುದು ಒಂದು ಪಂಪೋ ಒಂದು ಪೈಪೋ ಆಗಿರುತ್ತದೆ, ಬಿಚ್ಚಿ ನೋಡಿದರಾಯಿತು.

ಆ ಬೆಳಗ್ಗೆ ನಾನು ಐದೂವರೆಗೆ ಶುರುಮಾಡಿದೆ. ಹಳ್ಳಿಯವರ ಕ್ಯಾನುಗಳು 2ರಿಂದ 4 ಲಕ್ಷ. ನಮ್ಮ ಕೊಟ್ಟಿಗೆಯ ಹಾಲು ಅದಕ್ಕಿಂತ ಕಡಿಮೆ. ಕ್ಯಾನಿನ ಹಾಲು ಸುರಿಯುವ ಡಂಪ್ ಟ್ಯಾಂಕ್ 3 ಲಕ್ಷ. ಬಿಎಂಸಿಯಲ್ಲಿ ರಾತ್ರಿ ಕಳೆದ ಹಾಲು ಮೂರೂವರೆ ಲಕ್ಷ, ಎಲ್‌ಪಿಸಿ ಬರೀ 150. ಅಲ್ಲಿಯವರೆಗೆ ಎಲ್ಲ ಸರಿ. ಬಿಎಂಸಿಯಿಂದ ಸೈಲೋಗೆ ಹಾಲು ಹಾಯಿಸಲು ಒಂದು ಪಂಪು, ಹನ್ನೆರಡು ಅಡಿ ರಬ್ಬರ್ ಹೋಸು. ಹೋಸಿನ ಬಾಯಲ್ಲಿ ಮೊದಲು ಬಂದ ಹಾಲಿನ ಮಾದರಿ ತೆಗೆದೆ, 200 ಲೀಟರ್ ಹರಿದ ಮೇಲೆ ಇನ್ನೊಂದು ತೆಗೆದೆ. ಮೊದಲಿನದು 1 ಕೋಟಿ ದಾಟಿತ್ತು, ಎರಡನೆಯದು 6 ಲಕ್ಷ. ಹರಿವಿನ ಮೊದಲ ಹಾಲು ಕೆಟ್ಟಿದ್ದು ನಂತರದ್ದು ಸುಧಾರಿಸುತ್ತಾ ಹೋದರೆ ಕೊಳೆ ಆ ದಾರಿಯಲ್ಲೇ ಇದೆ. ಎರಡೂ ಸಮನಾಗಿದ್ದರೆ ಹಿಂದಿನ ಟ್ಯಾಂಕಿಗೆ ಹೋಗಬೇಕು. ಈ ಒಂದು ಉಪಾಯವನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ.

ಹೋಸನ್ನು ಉದ್ದಕ್ಕೆ ಸೀಳಿಸಿದೆ. ಹೊರಗಿನಿಂದ ಹೊಸದರಂತಿದ್ದ ಹೋಸಿನ ಒಳಗೋಡೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಬಿರುಕಿನೊಳಗೆ ಹಳದಿ ಜಿಗುಟು, ಮೂಗಿಗೆ ಹಿಡಿದರೆ ಹಳೆ ಬೆಣ್ಣೆಯ ವಾಸನೆ. ತೊಳೆದ ಮೇಲೆ ಅದನ್ನು ನೆಲದ ಮೇಲೇ ಸುರುಳಿ ಸುತ್ತಿ ಇಡುತ್ತಿದ್ದರು, ಮಧ್ಯದಲ್ಲಿ ನೀರು ನಿಂತೇ ಇರುತ್ತಿತ್ತು. ಎಂಟು ಗಂಟೆ ಬೆಚ್ಚಗಿನ ನೀರು, ಹಾಲಿನ ಕೊಬ್ಬು, ಕತ್ತಲು. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು.

ತಂಪು ನಿಜವಾಗಿ ತಂಪೇ

ಹೋಸು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಲೂಬಾರದು. ಅನುಕೂಲಕರ ವಾತಾವರಣದಲ್ಲಿ 37 ಡಿಗ್ರಿಗೆ ಇ ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಅಂದರೆ ಗಂಟೆಗೆ ಎಂಟು ಪಟ್ಟು. ಆಗತಾನೆ ಕರೆದ ಹಾಲಿನಲ್ಲಿ ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಸಹಜ ಕಾವಲಿದೆ, ಅದು ಒಂದೆರಡು ಗಂಟೆ ತಡೆಯುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಬಿಎಂಸಿಗೆ ಬಿದ್ದ ಹಾಲು ಮೂರು ಗಂಟೆಯೊಳಗೆ 4 ಡಿಗ್ರಿಗೆ ಇಳಿಯಬೇಕು. ಸಂಜೆಯ ಬೆಚ್ಚಗಿನ ಹಾಲು ಬೆಳಗಿನ ತಣ್ಣನೆಯ ಹಾಲಿಗೆ ಸೇರಿದಾಗ ಒಟ್ಟು 10 ಡಿಗ್ರಿ ಮೀರಬಾರದು.

ಪರೀಕ್ಷಿಸುವಾಗ ಟ್ಯಾಂಕಿನ ಡಿಸ್‌ಪ್ಲೇ ನೋಡಿ ಬರೆದುಕೊಳ್ಳಬೇಡಿ. ಐಸ್ ಗಂಜಿಯಲ್ಲಿ ಸರಿಪಡಿಸಿದ ನಿಮ್ಮ ಥರ್ಮಾಮೀಟರನ್ನು ಹಾಲಿಗೆ ಇಳಿಸಿ. ನಮ್ಮ ಡಿಸ್‌ಪ್ಲೇ 4 ಎಂದಾಗ ಹಾಲು ಆರೂವರೆ ಇತ್ತು. ಇನ್ನು ರಾತ್ರಿಯ ಕರೆಂಟು. ಕರೆಂಟು ಹೋದಾಗ ಜನರೇಟರ್ ತಾನಾಗಿ ಶುರುವಾಗುತ್ತದೆ, ದೀಪ ಹತ್ತುತ್ತದೆ, ಎಲ್ಲರೂ ನಿಶ್ಚಿಂತೆಯಿಂದ ಮಲಗುತ್ತಾರೆ. ಕೆಲವು ಕಂಪ್ರೆಸರ್‌ಗಳಿಗೆ ಮತ್ತೆ ಕೈಯಿಂದ ಸ್ವಿಚ್ ಒತ್ತಬೇಕು. ಬೆಳಗ್ಗೆ ಒತ್ತಿದಾಗ ಹಾಲು ಮತ್ತೆ ತಣ್ಣಗಾಗಿ 4 ತೋರಿಸುತ್ತದೆ, ನಡುರಾತ್ರಿ ಎಷ್ಟಿತ್ತು ಎಂದು ಯಾರಿಗೂ ಗೊತ್ತಾಗದು. ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಸಣ್ಣ ಡೇಟಾ ಲಾಗರ್ ಒಂದನ್ನು ಟ್ಯಾಂಕಿಗೆ ಹಾಕಿ. ಒಂದು ದಿನದ ತಿರಸ್ಕೃತ ಹಾಲಿನ ಬೆಲೆಗಿಂತ ಅದು ಅಗ್ಗ.

ತೊಳೆಯುವ ನೀರು, ತೊಳೆಯುವ ಬಗೆ

ಮೊದಲ ಜಾಲಾಟಕ್ಕೆ 38ರಿಂದ 45 ಡಿಗ್ರಿಯ ನೀರು. ಅದಕ್ಕಿಂತ ತಣ್ಣಗಾದರೆ ಕೊಬ್ಬು ಅಂಟುತ್ತದೆ, ಕುದಿ ನೀರಾದರೆ ಪ್ರೋಟೀನು ಬೆಂದು ಗೋಡೆಗೆ ಹತ್ತುತ್ತದೆ. ಆಮೇಲೆ ಕ್ಷಾರದ ದ್ರಾವಣ, 70ರ ಮೇಲೆ ಶುರುವಾಗಿ ಕೊನೆಗೆ ಹೊರಬರುವಾಗಲೂ 45ಕ್ಕಿಂತ ಕೆಳಗಿಳಿಯದಂತೆ. ಸಾಮಾನ್ಯವಾಗಿ ತಪ್ಪುವುದು ಈ ಕೊನೆಯ ಉಷ್ಣಾಂಶವೇ. ಗೀಸರ್ ಚಿಕ್ಕದಿರುತ್ತದೆ, ಪೈಪು ಉದ್ದ ಇರುತ್ತದೆ, ಡಿಸೆಂಬರಿನ ಬೆಳಗಿನ ಜಾವಕ್ಕೆ ನೀರು ದಾರಿಯಲ್ಲೇ ತಣ್ಣಗಾಗಿ, ಕರಗಿದ್ದ ಕೊಬ್ಬು ಮತ್ತೆ ಪೈಪಿಗೇ ಕೂರುತ್ತದೆ. ಹೊರಬರುವ ಬಾಯಲ್ಲಿ ಥರ್ಮಾಮೀಟರ್ ಹಿಡಿದು ನೋಡಿ.

ಬೆಂಗಳೂರಿನ ಸುತ್ತಮುತ್ತ ಕೊಟ್ಟಿಗೆಗಳು ನಡೆಯುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಿಂದ, ಅದು ಬಹುತೇಕ ಗಡಸು. ಕುಡಿಯುವ ನೀರಿನ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರಿಲ್ಲದಾಗ 600. ಗಡಸು ನೀರಿನಲ್ಲಿ ಡಿಟರ್ಜೆಂಟಿನ ಶಕ್ತಿ ಅರ್ಧ ಸುಣ್ಣಕ್ಕೇ ಹೋಗುತ್ತದೆ, ಉಳಿದ ಸುಣ್ಣ ಹಾಲಿನ ಪ್ರೋಟೀನಿನ ಜೊತೆ ಸೇರಿ ಹಾಲುಗಲ್ಲಾಗುತ್ತದೆ. ಒದ್ದೆಯಿದ್ದಾಗ ಸ್ಟೀಲು ಮಿಂಚುತ್ತಿರುತ್ತದೆ. ಒಣಗಿದ ಮೇಲೆ ಟಾರ್ಚ್ ಬಿಟ್ಟು ನೋಡಿ, ಮಸುಕು ಬಿಳಿ ಪದರ ಕಂಡರೆ ಅದೇ. ಅದು ಹೋಗುವುದು ಆಮ್ಲದಿಂದ ಮಾತ್ರ, ಕ್ಷಾರ ಎಷ್ಟು ಸುರಿದರೂ ಹೋಗದು. ವಾರಕ್ಕೊಮ್ಮೆ ಆಮ್ಲ ತೊಳೆತ ಸಾಲದಿದ್ದರೆ ಎರಡು ಸಲ ಮಾಡಿ. ಒಂದು ಎಚ್ಚರಿಕೆ: ಆಮ್ಲ ಮತ್ತು ಕ್ಲೋರಿನ್ ದ್ರಾವಣ ಯಾವತ್ತೂ ಸೇರಬಾರದು, ಸೇರಿದರೆ ವಿಷಾನಿಲ ಬರುತ್ತದೆ. ಎರಡರ ಡಬ್ಬಗಳನ್ನು ಬೇರೆ ಬೇರೆ ಕೋಣೆಯಲ್ಲಿ ಇಡಿ, ಎರಡರ ನಡುವೆ ನೀರಿನ ಜಾಲಾಟ ತಪ್ಪಿಸಬೇಡಿ.

ಕ್ಲೋರಿನ್ ಹಾಕಬೇಕಾದದ್ದು ತೊಳೆದ ಕೂಡಲೇ ಅಲ್ಲ, ಹಾಲು ಬರುವ ಸ್ವಲ್ಪ ಮುಂಚೆ. ಅದಾದ ಮೇಲೆ ಸಂಪಿನ ನೀರಿನಿಂದ ಮತ್ತೊಮ್ಮೆ ಜಾಲಿಸಿದರೆ ಆ ನೀರಿನ ಬ್ಯಾಕ್ಟೀರಿಯಾವನ್ನೇ ಬಿತ್ತಿದಂತೆ. ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರನ್ನೂ ಪ್ಲೇಟಿಗೆ ಹಾಕಿ ನೋಡಿ. 13 ಡಿಗ್ರಿಯ ಎಣಿಕೆ ಏರಿ ಬೇರೆಲ್ಲ ಸರಿಯಿದ್ದ ಎರಡು ಪ್ರಕರಣಗಳಲ್ಲಿ ನನಗೆ ಕೊನೆಗೆ ಸಿಕ್ಕಿದ್ದು ಮುಚ್ಚಳವಿಲ್ಲದ ಟ್ಯಾಂಕು.

ಹಾಲು ಕರೆಯುವ ಮಿಷನ್ನಿನ ರಬ್ಬರ್ ಲೈನರ್‌ಗಳಿಗೆ ಸಾಮಾನ್ಯವಾಗಿ 2,500 ಕರೆತದ ಆಯುಷ್ಯ. ನಮ್ಮ ಲೆಕ್ಕ: 38 ಹಸು, ದಿನಕ್ಕೆ ಎರಡು ಹೊತ್ತು, ನಾಲ್ಕು ಯೂನಿಟ್. ಒಂದು ಯೂನಿಟ್ಟಿಗೆ ದಿನಕ್ಕೆ 19 ಕರೆತ, ಅಂದರೆ ನಾಲ್ಕು ತಿಂಗಳು ಹತ್ತು ದಿನಕ್ಕೆ ಮುಗಿಯಿತು. ಹರಿಯುವವರೆಗೂ ಕಾಯುವವರು ವರ್ಷ ದೂಡುತ್ತಾರೆ.

ಹಸುವಿನ ಸರದಿ ಕೊನೆಗೆ

ಎಣಿಕೆ ಒಂದು ದಿನ ಜಿಗಿದು ಮರುದಿನ ಇಳಿದು ಮತ್ತೆ ಜಿಗಿಯುತ್ತಿದ್ದರೆ, ಎಲ್‌ಪಿಸಿ ಮತ್ತು ಕೋಲಿಫಾರ್ಮ್ ಎರಡೂ ಸುಮ್ಮನಿದ್ದರೆ, ಆಗ ಕೆಚ್ಚಲು ಬಾವು ನೋಡಿ. ಕೆಲವು ಸ್ಟ್ರೆಪ್ಟೊಕೊಕಸ್ ಜಾತಿಗಳು ಒಂದೇ ಹಸುವಿನ ಕೆಚ್ಚಲಿನಿಂದ ಮಿಲಿಗೆ ಕೋಟಿಯಷ್ಟು ಸುರಿಯಬಲ್ಲವು, ಇಡೀ ಟ್ಯಾಂಕನ್ನು ಏರಿಸಲು ಒಂದು ಹಸು ಸಾಕು. ಹಾಲು ನೋಡಲು ಮಾಮೂಲಿಯಾಗಿಯೇ ಇರುತ್ತದೆ. ಸಿಎಂಟಿ (ಕೆಚ್ಚಲು ಬಾವಿನ ಪರೀಕ್ಷೆ) ಪ್ಯಾಡಲಿನ ಬಟ್ಟಲುಗಳಲ್ಲಿ ನಾಲ್ಕೂ ಮೊಲೆತೊಟ್ಟಿನ ಹಾಲು ಬೇರೆ ಬೇರೆ ಹಿಡಿದು ದ್ರಾವಣ ಬೆರೆಸಿ ತಿರುಗಿಸಿದರೆ ಬಾವಿರುವ ಭಾಗದ್ದು ಗಟ್ಟಿ ಲೋಳೆಯಾಗುತ್ತದೆ. ಅಂಥ ಭಾಗದ ಹಾಲನ್ನು ಕಲ್ಚರಿಗೆ ಕಳಿಸಿ, ಹಸುವನ್ನು ಕೊನೆಯಲ್ಲಿ ಕರೆಯಿರಿ, ಔಷಧಿ ಯಾವುದು ಎಂಬುದನ್ನು ಪಶುವೈದ್ಯರಿಗೆ ಬಿಡಿ.

ಕರೆಯುವ ಮುನ್ನ ಮೊದಲ ಮೂರು ನಾಲ್ಕು ಧಾರೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ, ಮೊಲೆತೊಟ್ಟು ತೊಳೆದು ಒಣ ಬಟ್ಟೆಯಿಂದ ಒರೆಸುವುದು, ಹಸುವಿಗೊಂದು ಬಟ್ಟೆ, ಕರೆದ ಮೇಲೆ ಅಯೋಡಿನ್ ಅದ್ದು. ಒರೆಸದೆ ಬಿಟ್ಟ ಒದ್ದೆ ಕೆಚ್ಚಲು ತೊಳೆಯದ ಒಣ ಕೆಚ್ಚಲಿಗಿಂತ ಕೆಟ್ಟದ್ದು; ಕೊಳಕು ನೀರು ಇಳಿದು ನೇರ ಹಾಲಿಗೇ ಬರುತ್ತದೆ.

ಪಾಶ್ಚರೈಸ್ ಆದ ಮೇಲೆ ಕೆಟ್ಟರೆ

ಹಸಿ ಹಾಲು ಚೆನ್ನಾಗಿದ್ದು ಪ್ಯಾಕೆಟ್ ಮಾತ್ರ ಕೆಡುತ್ತಿದ್ದರೆ ಮೊದಲು ಫಾಸ್ಫಟೇಸ್ ಪರೀಕ್ಷೆ. 72 ಡಿಗ್ರಿಯಲ್ಲಿ 15 ಸೆಕೆಂಡು ಸರಿಯಾಗಿ ನಿಂತ ಹಾಲಿನಲ್ಲಿ ಈ ಕಿಣ್ವ ಉಳಿಯುವುದಿಲ್ಲ. ಹಳದಿ ಬಣ್ಣ ಬಂದರೆ ಬಿಸಿ ಸಾಕಾಗಿಲ್ಲ ಅಥವಾ ಹಸಿ ಹಾಲು ಎಲ್ಲೋ ನುಸುಳಿದೆ. ಪಾಶ್ಚರೈಸರಿನಲ್ಲಿ ಹಸಿ ಹಾಲನ್ನೂ ಬಿಸಿಯಾದ ಹಾಲನ್ನೂ ಬೇರ್ಪಡಿಸುವ ಲೋಹದ ಪ್ಲೇಟುಗಳಲ್ಲಿ ಸೂಜಿಮೊನೆಯಷ್ಟು ತೂತಿದ್ದು ಹಸಿ ಹಾಲಿನ ಬದಿಯ ಒತ್ತಡ ಹೆಚ್ಚಿದ್ದರೆ ಹೀಗಾಗುತ್ತದೆ. ಬಿಸಿಯಾದ ಹಾಲಿನ ಬದಿಯ ಒತ್ತಡವೇ ಯಾವಾಗಲೂ ಹೆಚ್ಚಿರಬೇಕು. ಫಾಸ್ಫಟೇಸ್ ಇಲ್ಲ, ಕೋಲಿಫಾರ್ಮ್ ಮಾತ್ರ ಇದೆ ಎಂದರೆ ಕೊಳೆ ಸೇರಿದ್ದು ಆಮೇಲೆ. ಪ್ಯಾಕಿಂಗ್ ಮಿಷನ್ನಿನ ಬಾಯಿ, ಮೇಲಿನ ಟ್ಯಾಂಕು, ಕೈ ಇವುಗಳಲ್ಲಿ ಹುಡುಕಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ ಐದು ಪ್ಯಾಕೆಟ್ ಪರೀಕ್ಷಿಸಿದಾಗ ಒಟ್ಟು ಎಣಿಕೆ ಯಾವುದರಲ್ಲೂ 50,000 ಮೀರಬಾರದು, ಎರಡಕ್ಕಿಂತ ಹೆಚ್ಚು ಪ್ಯಾಕೆಟ್‌ಗಳಲ್ಲಿ 30,000 ದಾಟಬಾರದು. ಕೋಲಿಫಾರ್ಮ್ ಐದರಲ್ಲೂ 10ಕ್ಕಿಂತ ಕಡಿಮೆ ಇರಬೇಕು.

ನಮ್ಮಲ್ಲಿ ಫಾಸ್ಫಟೇಸ್ ಇರಲಿಲ್ಲ, ಕೋಲಿಫಾರ್ಮ್ ಕೂಡ ಇರಲಿಲ್ಲ, ಒಟ್ಟು ಎಣಿಕೆ ಮಾತ್ರ ಮಿತಿ ಮೀರಿತ್ತು. ಹೋಸಿನೊಳಗಿನ ಬಿಸಿ ತಡೆಯುವ ಜೀವಿಗಳು ಪಾಶ್ಚರೈಸರ್ ದಾಟಿ ಪ್ಯಾಕೆಟ್ಟಿಗೆ ಬಂದಿದ್ದವು. ಲ್ಯಾಬಿನ 4,000ದ ಲೆಕ್ಕಕ್ಕೂ ಯಲಹಂಕದ ಫೋನಿಗೂ ಇದ್ದ ಕೊಂಡಿ ಅದು.

ಸರಿಯಾಯಿತು ಎನ್ನುವ ಮೊದಲು

ಹೊಸ ಹೋಸು ಹಾಕಿ, ಪಂಪು ಬಿಚ್ಚಿ ಸೀಲು ಬದಲಿಸಿ, ಆಮ್ಲ ತೊಳೆತ ಮಾಡಿ, ಮೂರು ದಿನ ಸತತವಾಗಿ ಅದೇ ಜಾಗಗಳಲ್ಲಿ ಅದೇ ಹೊತ್ತಿಗೆ ಮಾದರಿ ತೆಗೆದೆವು. ಒಂದು ದಿನದ ಒಳ್ಳೆಯ ರಿಪೋರ್ಟು ನಂಬಲಿಲ್ಲ. ಮೂರನೆಯ ದಿನ ಸೈಲೋ ನಾಲ್ಕು ಲಕ್ಷಕ್ಕೆ ಬಂತು, ಎಲ್‌ಪಿಸಿ ಇನ್ನೂರರ ಕೆಳಗೆ. ಆ ದಿನದ ಐದು ಪ್ಯಾಕೆಟ್‌ಗಳನ್ನು 7 ಡಿಗ್ರಿಯಲ್ಲಿ ಐದು ದಿನ ಇಟ್ಟು ಮತ್ತೆ ಎಣಿಸಿದೆವು, ಕುದಿಸಿ ನೋಡಿದೆವು. ಒಡೆಯಲಿಲ್ಲ.

ವಾಪಸು ಕಳಿಸಿದ್ದ ಮೂವರ ಮನೆಗೂ ಹೋಗಿ ಅವರ ಕ್ಯಾನಿನ ಎಣಿಕೆ ಬರೆದ ಹಾಳೆ ತೋರಿಸಿ, ತಪ್ಪು ನಮ್ಮದು ಎಂದು ಹೇಳಿ, ನಾಲ್ಕು ದಿನದ ಹಾಲಿನ ದುಡ್ಡು ಕೊಟ್ಟು ಬಂದೆವು. ಒಬ್ಬರು ಆ ಹಾಳೆ ಕೇಳಿ ಇಸಿದುಕೊಂಡರು. ಹೋಸು ಈಗ ಗೋಡೆಯ ಮೇಲೆ ಓರೆಯಾಗಿ, ಎರಡೂ ಬಾಯಿ ಕೆಳಗಾಗಿ ತೂಗುತ್ತದೆ. ಹೋಸು ಹಾಕಿದ ದಿನಾಂಕ ಮತ್ತು ಬದಲಿಸಬೇಕಾದ ದಿನಾಂಕ ಬರೆದ ಬಿಲ್ಲೆಯನ್ನು ಅದರ ಕೊರಳಿಗೆ ಕಟ್ಟಿದೆ.